ಫಟ್ ಅನ್ನುವ ದೊರೆ ಮತ್ತು ಎಂಜಿನ್ ರಂಗಣ್ಣ

ಬಳ್ಳಾರಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನು ಮಿಲ್ಲಿನ ಬಿಳಿ ದೊರೆಗೆ ಕೆಟ್ಟದ್ದೆಲ್ಲ ‘ಫಟ್’. ಸದ್ದು ಮಾಡಿ ನಿಂತುಹೋಗುವುದಕ್ಕೆ ಇಂಗ್ಲಿಷರು ಆಡುವ ಮಾತಂತೆ. ಬಲ್ಬು ಸುಟ್ಟರೆ ಫಟ್, ಕಾರಿನ ಟೈರು ಒಡೆದರೆ ಫಟ್, ಯುದ್ಧದ ದೆಸೆಯಿಂದ ಮದರಾಸಿನಿಂದ ಎಣ್ಣೆಯ ಲೋಡು ಬಾರದಿದ್ದರೆ ಅದೂ ಫಟ್. ಹೆಂಡತಿಯ ಜೊತೆ ಜಗಳವಾದ ದಿನ ಊಟವೂ ಫಟ್. ಎಂಜಿನ್ ನಡೆಸುವ ರೂಪನಗುಡಿಯ ರಂಗಣ್ಣ ಈ ಮಾತನ್ನು ತಾನೂ ಕಲಿತು, ಎಂಜಿನ್ ನಿಂತಾಗಲೆಲ್ಲ ಕೈ ಕೊಡವಿ “ಫಟ್ ದೊರಿ!” ಅನ್ನುತ್ತಿದ್ದ. ದೊರೆ ನಗುತ್ತಿದ್ದ. ಥೂ, ಆ ನಗುವಿಗಿಷ್ಟು ಬೆಂಕಿ ಬೀಳ!

ನಲವತ್ತನಾಲ್ಕರ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಕೂಲಿ ಜಡೆಪ್ಪನ ಧೋತರ ಎಂಜಿನ್ನಿನ ಬೆಲ್ಟಿಗೆ ಸಿಕ್ಕಿತು. ರಂಗಣ್ಣ ಎದ್ದೆನೋ ಬಿದ್ದೆನೋ ಎಂದು ಓಡಿ ಎಂಜಿನ್ ನಿಲ್ಲಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂದೇ ಬುತ್ತಿ ಬಿಚ್ಚಿ ಉಂಡ ಗೆಳೆಯ. ಹೆಣವನ್ನು ಅಂಗಳದ ಬೇವಿನ ಕೆಳಗೆ ಮಲಗಿಸಿ, ಅವನ ಹೆಂಡತಿ ಕೊಟ್ರಮ್ಮನನ್ನು ಕರೆತರಲು ಕುರುಗೋಡಿಗೆ ಕುದುರೆಗಾಡಿ ಕಳಿಸಿದರು.

ಗಾಡಿ ಇನ್ನೂ ಊರು ದಾಟಿರಲಿಲ್ಲ, ದೊರೆ ಬಂದ. ಹೆಣ ನೋಡಿದ, ಗಡಿಯಾರ ನೋಡಿದ.

“ಜಡೆಪ್ಪ ಫಟ್. ಎಂಜಿನ್ ಫಟ್ ಇಲ್ಲ. ಸ್ಟಾರ್ಟ್ ಮಾಡು.”

ರಂಗಣ್ಣನ ಮೈಯೆಲ್ಲ ಉರಿದುಹೋಯಿತು. ಆ ಎಂಜಿನ್ ಶುರುವಾಗಬೇಕಾದರೆ ಮೊದಲು ಬೆಂಕಿ ಉಗುಳುವ ಲ್ಯಾಂಪು ಹಚ್ಚಿ ಎಂಜಿನ್ನಿನ ತಲೆಯನ್ನು ಕೆಂಪಗೆ ಕಾಯಿಸಬೇಕು. ಹೆಣ ಏಳುವ ತನಕ ಅವರ ಕಡೆ ಇಡೀ ಕೇರಿಯಲ್ಲಿ ಯಾರೂ ಒಲೆ ಹೊತ್ತಿಸುವುದಿಲ್ಲ, ಹಸುಗೂಸಿಗೂ ತಣ್ಣನೆಯ ಹಾಲೇ.

“ಹೆಣ ಏಳೋತನಕ ಬೆಂಕಿ ಹಚ್ಚಂಗಿಲ್ಲ ದೊರಿ. ಹೆಂಡ್ತಿ ಬಂದು ಮಾರಿ ನೋಡ್ಬೇಕು.”

“ಹಚ್ಚದಿದ್ದರೆ ನಿನ್ನ ಕೆಲಸ ಫಟ್.”

“ಆಗ್ಲಿ ಬಿಡ್ರಿ! ಬಲ್ಬಿಗೂ ಅದ ಮಾತು, ಟೈರಿಗೂ ಅದ ಮಾತು, ನಮ್ ಜಡೆಪ್ಪಗೂ ಅದನಾ? ಮನಷಾರೀ ಅವ! ಸತ್ತಾನ ಅನ್ರಿ. ಅನ್ನಾಕ ಬಾಯಿ ಬಿದ್ದೈತೇನು?”

ಲ್ಯಾಂಪನ್ನು ಎದೆಗವಚಿಕೊಂಡು ಎಂಜಿನ್ ಮನೆಯ ಹೊಸ್ತಿಲಲ್ಲಿ ಕೂತೇಬಿಟ್ಟ. ಹತ್ತಿ ಆರಿಸುವ ಹೆಂಗಸರೂ ಬಂದು ಅವನ ಸುತ್ತ ಕೂತರು. ದೊರೆ ಕೂಗಾಡಿದ, ಪೊಲೀಸರನ್ನು ಕರೆಸುತ್ತೇನೆಂದು ಹೆದರಿಸಿದ. ಒಬ್ಬರೂ ಜಪ್ಪಯ್ಯ ಅನ್ನಲಿಲ್ಲ.

ಹೊತ್ತು ಇಳಿಯುವಾಗ ಕೊಟ್ರಮ್ಮ ಬಂದಳು. ಗಂಡನ ಮುಖ ತೊಳೆದು, ಬಾಯಿಗೆ ಎಲೆ ಅಡಿಕೆ ಇಟ್ಟು, ಎದೆ ಎದೆ ಬಡಿದುಕೊಂಡು ಅತ್ತಳು. ಆ ಅಂಗಳದಲ್ಲಿ ಅವಳ ಅಳು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಆಮೇಲೆ ರಂಗಣ್ಣ ಲ್ಯಾಂಪನ್ನು ನೆಲಕ್ಕಿಟ್ಟು ಚಟ್ಟಕ್ಕೆ ಹೆಗಲು ಕೊಟ್ಟ. ಬೀದಿಯ ಕೊನೆಯ ತಿರುವಿಗೆ ಬರುವಷ್ಟರಲ್ಲಿ ಹಿಂದೆ ಎಂಜಿನ್ ಗುಡುಗತೊಡಗಿತು. ಹೆಣ ಬೀದಿ ದಾಟುವ ತನಕವೂ ತಾಳದೆ ದೊರೆ ತಾನೇ ಲ್ಯಾಂಪು ಹಚ್ಚಿದ್ದ.

ರಂಗಣ್ಣ ಬಾಯಿ ಬಿಟ್ಟ. ದೊರೆಯ ವಂಶ, ಅವನ ಹತ್ತಿ, ಅವನ ಹಾಳು ನಾಲಿಗೆ, ಯಾವುದನ್ನೂ ಬಿಡಲಿಲ್ಲ. ಕನ್ನಡ ಸಾಲದೆ ತೆಲುಗಿನಲ್ಲೂ ಬೈದ. ಮುಂದೆ ಹೊರುತ್ತಿದ್ದ ಮುದುಕ ಸುಂಕಣ್ಣ, “ಹೆಣದ ಮುಂದ ಬೈಬಾರ್ದಲೇ” ಅಂದ.

ಹಿಂದೆ ಬರುತ್ತಿದ್ದ ಕೊಟ್ರಮ್ಮ ಸೆರಗು ಬಾಯಿಂದ ತೆಗೆದಳು.

“ನೀ ಸುಮ್ನಿರು ಮಾವ. ಇನ್ನಾ ಜೋರಾಗಿ ಬೈಯಣ್ಣ. ಎಂಜಿನ್ ಸದ್ದಿನಾಗ ಆ ದೊರಿಗೆ ಕೇಳ್ಸಬೇಕಲ್ಲ!”