ಬಸುರಿ ಇದ್ದ ಮನೆಗೆ ಹೊಸ ಕಂಬ

೧೯೦೮ರಲ್ಲಿ ನಾನು ಹುನಗುಂದ ತಾಲ್ಲೂಕಿನಲ್ಲಿ ಪ್ಲೇಗು ಇನ್ಸ್‌ಪೆಕ್ಟರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಜನರನ್ನು ಅವರವರ ಮನೆಯಿಂದಲೇ ಹೊರಗೆ ಹಾಕುವುದು. ನಾನು ಓಣಿಯ ಬಾಯಿಗೆ ಬಂದರೆ ಸಾಕು, ಹೆಂಗಸರು ಬಾಗಿಲು ಹಾಕಿಕೊಂಡು ಒಳಗಿನಿಂದ ಬೈಯುತ್ತಿದ್ದರು. ನಾನೂ ಮುಂಗೋಪಿ. ಎಷ್ಟೋ ಸಲ ಹೊರಗೆ ನಿಂತು ತಿರುಗಿ ಬೈದಿದ್ದುಂಟು.

ಮನೆಗಳಲ್ಲಿ ಇಲಿ ಸತ್ತು ಬೀಳತೊಡಗಿದವೆಂದರೆ ಪ್ಲೇಗು ಬಂತೆಂದೇ ಲೆಕ್ಕ. ಸತ್ತ ಇಲಿಯ ಮೈ ಬಿಟ್ಟ ಚಿಗಟ ಮನುಷ್ಯರಿಗೆ ಹತ್ತುತ್ತದೆ, ಅದು ಕಚ್ಚಿದರೆ ರೋಗ ಎಂಬುದು ನಮ್ಮ ಇಲಾಖೆಗೂ ಆಗ ಹೊಸ ಪಾಠ. ಆದ್ದರಿಂದ ಜನರ ಮೈಯಲ್ಲಿ ಗಂಟು ಏಳುವ ಮೊದಲೇ ಓಣಿ ಖಾಲಿ ಮಾಡಿಸಿ, ಊರ ಹೊರಗಿನ ಹೊಲದಲ್ಲಿ ಗುಡಿಸಲು ಹಾಕಿಸಬೇಕಿತ್ತು. ಹೋಗುವವರು ಕಾಳಿನ ಚೀಲ, ಹಾಸಿಗೆ, ಕೌದಿ ಒಯ್ಯುವಂತಿರಲಿಲ್ಲ. ಚಿಗಟ ಅದರಲ್ಲೇ ಕೂತು ಸವಾರಿ ಬರುತ್ತದೆ. ಬಟ್ಟೆಬರೆಯನ್ನು ಸುಡುಬಿಸಿಲಿಗೆ ಹರವಿಯೇ ಒಯ್ಯಬೇಕು.

ಆ ವರ್ಷ ಇಳಕಲ್ಲಿನ ನೇಕಾರರ ಓಣಿಯೊಂದರಲ್ಲಿ ಇಲಿ ಬಿದ್ದವು. ಮಗ್ಗ ಬಿಟ್ಟು ಹೋಗುವುದೆಂದರೆ ಅನ್ನ ಬಿಟ್ಟು ಹೋದ ಹಾಗೆ. ಆದರೂ ಗೊಣಗುತ್ತ ಎಲ್ಲರೂ ಹೊರಟರು. ಶಂಕ್ರವ್ವ ಎಂಬ ಮುದುಕಿಯ ಮನೆಯವರು ಮಾತ್ರ ಕದಲಲಿಲ್ಲ. ಮಗ ಬಸಪ್ಪ ನೇಕಾರ. ಸೊಸೆ ನೀಲವ್ವ ತುಂಬು ಬಸುರಿ. ಅವರ ಹಿತ್ತಲಿನ ಗೋಡೆಯಾಚೆಗೇ ಇಲಿ ಸತ್ತು ಬಿದ್ದಿತ್ತು. ಬಸುರಿಗೆ ಪ್ಲೇಗು ತಗುಲಿದರೆ ತಾಯಿ, ಕೂಸು ಇಬ್ಬರ ಆಸೆಯನ್ನೂ ಬಿಡಬೇಕು. ಅಂಥದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ನಾನು ಹೋದಾಗ ಶಂಕ್ರವ್ವ ಕಟ್ಟೆಯ ಮೇಲೆ ಕುಳಿತಿದ್ದಳು.

"ಬಸರಿ ಹೆಂಗಸು ಮನ್ಯಾಗ ಇದ್ದಾಗ ಹೊಸ ಕಂಬ ನೆಡಬಾರದ್ರಿ ಸಾಹೇಬ್ರ. ಹೊಸ ಮನಿ ಹೊಗಬಾರದು," ಎಂದಳು.

"ಅದು ಮನಿ ಅಲ್ಲ ಯವ್ವಾ, ಗುಡಸಲ," ಎಂದೆ.

"ಒಲಿ ಹೂಡಿದ ಮ್ಯಾಲ ಅದೂ ಮನೀನ."

ನನಗೆ ಸಿಟ್ಟು ನೆತ್ತಿಗೇರಿತು. ಪೊಲೀಸರನ್ನು ಕರೆಸುತ್ತೇನೆಂದು ಗದರಿಸಿದೆ. ಆಗ ಅವಳು ದನಿ ಇಳಿಸಿದಳು. "ಹೋದ ಸಲ ಇಕಿ ಬಸರಿದ್ದಾಗ ಹಿತ್ತಲದಾಗ ಒಂದ ಚಪ್ಪರ ಹಾಕಿದ್ವಿ. ಕಂಬ ನಾನ ನಿಂತು ನೆಡಿಸಿದೆ. ಕೂಸು ದಕ್ಕಲಿಲ್ಲರಿ. ಈಗ ನೀವು ಹೊಡೀರಿ, ಬಡೀರಿ, ಮತ್ತ ಆ ಕೆಲಸ ಮಾಡಂಗಿಲ್ಲ."

ಕಂಬಕ್ಕೂ ಕೂಸಿಗೂ ಏನು ಸಂಬಂಧ ಎಂದು ವಾದಿಸಬಹುದಿತ್ತು. ಆ ಮುಖ ನೋಡಿ ಮನಸ್ಸು ಬರಲಿಲ್ಲ. ಪೊಲೀಸರು ಬಂದರೆ ದಿನ ತುಂಬಿದ ಹೆಣ್ಣುಮಗಳನ್ನು ಎಳೆದಾಡಬೇಕಾಗುತ್ತದೆ. ಸುಮ್ಮನೆ ಬಿಡೋಣವೆಂದರೆ ಪ್ಲೇಗು ಬಿಡುವುದಿಲ್ಲ. ತವರಿಗಾದರೂ ಕಳಿಸಿ ಎಂದೆ. ನೀಲವ್ವನ ತವರು ಕೆರೂರು. ಅಲ್ಲಿಯೂ ಜನ ಊರು ಬಿಟ್ಟಿದ್ದಾರೆ, ಮಗಳನ್ನು ಸದ್ಯ ಕಳಿಸಬೇಡಿ ಎಂದು ಅವಳ ತಂದೆಯೇ ಹೇಳಿಕಳಿಸಿದ್ದನಂತೆ. ಬಾಗಿಲ ಮರೆಯಲ್ಲಿ ನಿಂತಿದ್ದ ನೀಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಹೊಲಕ್ಕೆ ಮರಳಿ ಈ ಗೋಳನ್ನು ಹುಸೇನಬಿಯ ಮುಂದೆ ತೋಡಿಕೊಂಡೆ. ಅವಳು ಶಂಕ್ರವ್ವನ ನೆರೆಮನೆಯವಳು. ಗಂಡ ಹತ್ತಿ ಹಿಂಜುವ ಕೆಲಸದವನು. ಓಣಿಯಲ್ಲಿ ಎಲ್ಲರಿಗಿಂತ ಮೊದಲು ಬಂದು ಗುಡಿಸಲು ಹೂಡಿದ್ದಳು. ನನ್ನ ಮಾತು ಕೇಳಿ ನಕ್ಕಳು.

"ತವರಿನವ್ರು ಕರಿಯಾಕ ಬಂದ್ರ ಕಳಸ್ತಾಳಲ್ರಿ?"

"ತವರು ಕೆರೂರಾಗ ಐತಲ್ಲ ಯವ್ವಾ."

"ನಾನೂ ಕೆರೂರಕೀನರಿ. ನಡೀರಿ ಹೋಗೂಣು."

ಒಂದು ಡಜನ್ ಹಸಿರು ಬಳೆ, ಒಗೆದು ಒಣಗಿಸಿದ ಒಂದು ಸೀರೆ ಹಿಡಿದು ಬಂದಳು. ಬಿಟ್ಟು ಬಂದ ಓಣಿಯ ಮನೆಗಳೊಳಗೆ ಮತ್ತೆ ಕಾಲಿಡಬಾರದೆಂದು ನನ್ನ ಆಜ್ಞೆ ಇತ್ತು. ಅದಕ್ಕೆ ಬೀದಿಯಲ್ಲೇ ನಿಂತು ಕೂಗಿದಳು: "ಶಂಕ್ರಕ್ಕಾ, ನಮ್ಮೂರ ಮಗಳನ್ನ ಬಾಣಂತನಕ್ಕ ಕರಕೊಂಡು ಹೋಗಾಕ ಬಂದೀನಿ. ನನ್ನ ಗುಡಸಲ ಹೊಸಾದಲ್ಲ, ಆಗಲೇ ಒಲಿ ಹೂಡಿ ಉಂಡೀನಿ. ಅಕಿಗೆ ಒಲಿ ಬ್ಯಾರೆ, ಗಡಗಿ ಬ್ಯಾರೆ. ನಿಮ್ಮ ಮಂದೀನ ಬಂದು ಅಡಿಗಿ ಮಾಡಿ ಹಾಕ್ಲಿ."

ಶಂಕ್ರವ್ವ ನನ್ನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಬಾಣಂತನಕ್ಕೆ ತವರಿನವರು ಕರೆಯಲು ಬಂದರೆ ಅತ್ತೆ ಒಲ್ಲೆ ಎನ್ನುವ ಪದ್ಧತಿ ನಮ್ಮ ಕಡೆ ಇಲ್ಲ.

"ಬ್ಯಾಡ ಅಂತ ಹ್ಯಾಂಗ ಅನ್ಲಿ?" ಎಂದಳು ಕಡೆಗೆ. "ಆದ್ರ ಬರೇ ಉಡೀಲೆ ಸೊಸಿನ್ನ ಕಳಸಾಕ ಆಗಂಗಿಲ್ಲ."

ಉಡಿಗೆ ಮನೆಯ ಅಕ್ಕಿ ಕೂಡದು ಎಂದೆ. ಅವಳು ತಿರುಗಿ ಜಗಳಕ್ಕೆ ನಿಂತಳು. ಕಡೆಗೆ ತೆಂಗಿನಕಾಯಿ, ಅಡಿಕೆ, ಅರಿಷಿಣ ಬೇರುಗಳನ್ನು ಕುದಿನೀರಿನಲ್ಲಿ ಅದ್ದಿಸಿ ಒಪ್ಪಿಗೆ ಕೊಟ್ಟೆ. ತೆಂಗಿನಕಾಯಿಗೆ ಬಿಸಿನೀರ ಸ್ನಾನ ಮಾಡಿಸಿದ ಸರ್ಕಾರಿ ನೌಕರ ಬಹುಶಃ ನಾನೊಬ್ಬನೇ. ನೀಲವ್ವ ಮಿಂದು, ಹುಸೇನಬಿ ತಂದ ಸೀರೆ ಉಟ್ಟು, ಬಳೆ ಇಟ್ಟುಕೊಂಡು ಹೊರಗೆ ಬಂದಳು. ಕೌದಿಗಳೆಲ್ಲ ಒಳಗೇ ಉಳಿದವು.

ಸೊಸೆ ಹೊರಟಳು ಸರಿ, ಅತ್ತೆ ಮತ್ತು ಮಗನ ಗತಿಯೇನು ಎಂದು ನಾನು ಚಿಂತಿಸುತ್ತಿದ್ದೆ. ಹುಸೇನಬಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಶಂಕ್ರಕ್ಕಾ, ಈಗ ನಿನ್ನ ಮನ್ಯಾಗ ಬಸರಿ ಯಾರದಾರ? ಅಕಿ ತವರಿಗೆ ಹೊಂಟ್ಲು. ನೀ ಇನ್ನ ಕಂಬ ನೆಡು."

ಬಸಪ್ಪ ತಲೆ ತಗ್ಗಿಸಿ ನಗುತ್ತಿದ್ದ. ಮರುದಿನವೇ ಅವನು ಅದೇ ಹೊಲದ ಇನ್ನೊಂದು ಮೂಲೆಯಲ್ಲಿ ಕಂಬ ನೆಟ್ಟ. ಅತ್ತೆಮನೆ, ತವರು ಒತ್ತಟ್ಟಿಗಿದ್ದರೆ ಹೇಗೆ? ಶಂಕ್ರವ್ವ ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿ, ನನಗೂ ಒಂದು ಬಟ್ಟಲು ಕೊಟ್ಟಳು.

ಮುಂದೆ ಔಷಧ ಹೊಡೆಯಲು ಆ ಮನೆಯ ಬಾಗಿಲು ತೆಗೆಸಿದಾಗ ನೀಲವ್ವ ಮಲಗುತ್ತಿದ್ದ ಕೋಣೆಯಲ್ಲೇ ಸತ್ತ ಇಲಿಗಳಿದ್ದವು. ಆ ಹೊತ್ತಿಗಾಗಲೇ ಅವಳು ಗುಡಿಸಲಿನಲ್ಲಿ ಹೆಣ್ಣುಮಗುವನ್ನು ಹೆತ್ತಿದ್ದಳು, ಎರಡೂ ಜೀವ ಸುಖವಾಗಿದ್ದವು. ಅಂದು ನನಗೆ ಆದ ಸಂತೋಷ ಬಡ್ತಿ ಬಂದಾಗಲೂ ಆಗಿಲ್ಲ.

ಆಮೇಲೆ ನಾನು ಯಾವ ಓಣಿಗೆ ಹೋದರೂ ಆಜ್ಞೆ ಓದುವ ಮೊದಲು, ಆಚೆ ಇವರನ್ನು 'ಬಾ' ಎನ್ನುವವರು ಯಾರಿದ್ದಾರೆ ಎಂದು ಹುಡುಕುತ್ತಿದ್ದೆ. ಅಂಥ ಒಬ್ಬರು ಸಿಕ್ಕರೆ ಅರ್ಧ ಓಣಿ ತಾನಾಗಿಯೇ ಖಾಲಿಯಾಗುತ್ತಿತ್ತು. ಆ ನೌಕರಿ ನನಗೆ ಕಲಿಸಿದ ದೊಡ್ಡ ಪಾಠ ಇದೇ.

ಕೆಲವು ವರ್ಷಗಳ ಮೇಲೆ ಇಳಕಲ್ಲಿಗೆ ಹೋದಾಗ ಬಸಪ್ಪ ಸಿಕ್ಕಿದ್ದ. ನೀಲವ್ವನ ಮುಂದಿನ ಹೆರಿಗೆಗೆ ಕೆರೂರಿನಿಂದ ಅವಳ ತಂದೆ ಗಾಡಿ ಕಟ್ಟಿಕೊಂಡು ಕರೆಯಲು ಬಂದನಂತೆ. ಶಂಕ್ರವ್ವ ಬೀಗರಿಗೆ ನೀರು, ಬೆಲ್ಲ ಕೊಟ್ಟು, ಹುಸೇನಬಿಯ ಮನೆಯ ಕಡೆ ಕೈ ತೋರಿಸಿ ಹೇಳಿದಳಂತೆ: "ಬೀಗ್ರ, ಮೊದಲ ಅಲ್ಲಿ ಹೋಗಿ ಕೇಳ್ರಿ. ಅಕಿ ಹೂಂ ಅಂದ್ರ ಕರಕೊಂಡು ಹೋಗ್ರಿ."