ಹಳದಿ ಚುಕ್ಕಿ

ಅವರ ಬಲಗೈ ತೋರುಬೆರಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಸುಟ್ಟು ಸುಟ್ಟು ಚರ್ಮ ಅಲ್ಲಿ ನುಣ್ಣಗೆ, ಹೊಳೆಯುವ ಹಾಗೆ ಆಗಿಬಿಟ್ಟಿತ್ತು. ರೇಷನ್ ಅಂಗಡಿಯ ಯಂತ್ರಕ್ಕೂ ಆ ಬೆರಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅಂಗಡಿಯವನು, "ಒರೆಸ್ಕೊಂಡು ಇನ್ನೊಂದ್ಸಲ ಒತ್ತಿ ಆಂಟಿ" ಎನ್ನುತ್ತಲೇ ಇರುತ್ತಿದ್ದ. ಅವರು ಬೆರಳನ್ನು ಸೆರಗಿಗೆ ತಿಕ್ಕಿ, ಸಾಲಿನಲ್ಲಿ ಹಿಂದೆ ನಿಂತ ನನ್ನ ಕಡೆ ತಿರುಗಿ, "ಎಷ್ಟು ಮಿಷಿನ್ನು ಮಾತಾಡ್ಸಿದೀನಿ, ಇದೊಂದು ಮಾತ್ರ ನನ್ ಗುರ್ತೇ ಇಡಿಯಾಕಿಲ್ಲ ನೋಡಮ್ಮ" ಎಂದು ನಗುತ್ತಿದ್ದರು.

ಮತ್ತಿಕೆರೆಯ ನಮ್ಮ ಬೀದಿಗೆಲ್ಲ ಅವರು ರಿಪೇರಿ ಆಂಟಿ. ಮತ್ತಿಕೆರೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇದ್ದ ಮನೆತನ. ಹೊಲವಿದ್ದ ಕಡೆ ಈಗ ಅವರ ತಮ್ಮ ಕಟ್ಟಿಸಿದ ಮೂರಂತಸ್ತು, ಅದರ ತುಂಬ ಕಾಲೇಜು ಹುಡುಗರು. ಹಿತ್ತಲಿನ ದನದ ಕೊಟ್ಟಿಗೆಯೊಂದು ಮಾತ್ರ ಹಾಗೇ ಉಳಿದಿತ್ತು. ದನಗಳು ಹೋದ ಮೇಲೆ ಅಲ್ಲಿ ಆಂಟಿ ಕೂತರು. ಮೇವು ಹಾಕುತ್ತಿದ್ದ ಗೊಂತಿನ ಮೇಲೆ ಹಲಗೆ ಹಾಸಿ, ಅದರ ಮೇಲೆ ಕಾಯಿಸುವ ಕಡ್ಡಿ, ಬೆಸುಗೆಯ ತಂತಿ, ಭೂತಗನ್ನಡಿ, ಒಂದು ಹಳೆಯ ಡಬ್ಬಾ ಟಿವಿ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ, ನನಗಂತೂ ಇರಲಿಲ್ಲ.

ಅವರು ರಿಪೇರಿ ಮಾಡುತ್ತಿದ್ದುದು ಈಗಿನ ಲ್ಯಾಪ್‌ಟಾಪುಗಳನ್ನಲ್ಲ. ನಾವು ಚಿಕ್ಕವರಿದ್ದಾಗ ಕೆಲವರ ಮನೆಗೆ ಬಂದಿದ್ದ, ಕೀಲಿಮಣೆಯೊಳಗೇ ಎಲ್ಲವೂ ಇದ್ದು, ಟಿವಿಗೆ ಸಿಕ್ಕಿಸಿದರೆ ನಡೆಯುತ್ತಿದ್ದ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಓದಿಕೊಳ್ಳುತ್ತಿದ್ದ ಕಂಪ್ಯೂಟರುಗಳನ್ನು. ಯಶವಂತಪುರದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಅಂಥವನ್ನು ಜೋಡಿಸುತ್ತಿದ್ದರಂತೆ. ಆಂಟಿ ಅಲ್ಲಿ ಪರೀಕ್ಷೆಯ ಮೇಜಿನಲ್ಲಿದ್ದವರು. ಕಾರ್ಖಾನೆ ಎಂದೋ ಮುಚ್ಚಿ, ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ.

ಹಳೆಯದರ ಹುಚ್ಚು ಹಿಡಿದವರು ಹೆಬ್ಬಾಳ, ಯಲಹಂಕದಿಂದೆಲ್ಲ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ತರುತ್ತಿದ್ದರು. ಆಂಟಿಯ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಸ್ವಿಚ್ಚು ಒತ್ತಿ ನೋಡಿದ್ರಾ?" ಬಂದವರ ಉತ್ತರವೂ ಒಂದೇ: "ಇಲ್ಲ ಆಂಟಿ." ಆಂಟಿ ಪೆಟ್ಟಿಗೆಯನ್ನು ಮೂಗಿನ ಹತ್ತಿರ ತಂದು ಮೂಸಿ, "ಸುಳ್ಳೇಳ್ಬೇಡಿ. ನಿನ್ನೆ ಒತ್ತೀರ, ವಾಸ್ನೆ ಬತ್ತಾ ಐತೆ" ಎನ್ನುತ್ತಿದ್ದರು. ಅಟ್ಟದಲ್ಲಿ ವರ್ಷಗಟ್ಟಲೆ ಮಲಗಿದ್ದಕ್ಕೆ ಏಕಾಏಕಿ ಕರೆಂಟು ಕೊಟ್ಟರೆ, ಹಳಸಿದ ಅಡಾಪ್ಟರು ಒಳಗಿನ ಚಿಪ್ಪುಗಳನ್ನೆಲ್ಲ ಸುಟ್ಟುಬಿಡುತ್ತದೆ. ಇದು ಗೊತ್ತಿದ್ದವರೂ ಆಸೆ ತಡೆಯಲಾರದೆ ಒತ್ತಿಯೇ ಬರುತ್ತಿದ್ದರು. ಆಮೇಲೆ ಆಂಟಿ ಮುಚ್ಚಳ ತೆಗೆದು, ತಮ್ಮದೇ ಒಳ್ಳೆಯ ಅಡಾಪ್ಟರು ಹಾಕಿ, ಒಂದೊಂದು ಚಿಪ್ಪಿನ ಮೇಲೂ ಬೆರಳಿಟ್ಟು ನೋಡುವರು. ಕೆಟ್ಟದ್ದು ಕಾದ ಕಾವಲಿಯ ಹಾಗೆ ಚುರ್ ಎನ್ನುತ್ತಿತ್ತು. ಬೆರಳಿನ ಗೆರೆಗಳು ಹೋದದ್ದು ಹಾಗೆ.

ನಮ್ಮ ಮನೆಯದು ನನ್ನ ಅಪ್ಪನ ಕಂಪ್ಯೂಟರು. ಅಪ್ಪ ಗಣಿತದ ಮೇಷ್ಟ್ರು, ನೆಟ್ಟಗೆ ಒಂದು ಗೆರೆ ಎಳೆಯಲು ಬಾರದವರು. ಒಂದು ವರ್ಷ ಅಮ್ಮ ಕೈ ಮುರಿದುಕೊಂಡು, ಧನುರ್ಮಾಸದಲ್ಲಿ ಬಾಗಿಲಿಗೆ ರಂಗೋಲಿ ಇಡಲಾಗದೆ ಪೇಚಾಡಿದಾಗ, ಅಪ್ಪ ಕೂತು ಒಂದು ಪ್ರೋಗ್ರಾಂ ಬರೆದರು. ಟಿವಿಯ ಮೇಲೆ ಮೊದಲು ಚುಕ್ಕಿಗಳು ಬಂದು, ಆಮೇಲೆ ಗೆರೆ ಅವುಗಳ ಸುತ್ತ ತಾನೇ ಸುತ್ತಿಕೊಂಡು ರಂಗೋಲಿಯಾಗುತ್ತಿತ್ತು. ಅಪ್ಪ ತೀರಿಕೊಂಡು ಎಷ್ಟೋ ಕಾಲದ ಮೇಲೆ, ಸುಣ್ಣ ಬಳಿಸಲು ಅಟ್ಟ ಖಾಲಿ ಮಾಡಿಸುವಾಗ ಕಂಪ್ಯೂಟರೂ ಕ್ಯಾಸೆಟ್ಟೂ ಸಿಕ್ಕವು. ಅಮ್ಮನಿಗೆ ಆಗಲೇ ಕಣ್ಣು ಮಂಜಾಗುತ್ತಿತ್ತು. ಡಾಕ್ಟರು, ಇದು ಪೊರೆಯಲ್ಲ, ಆಪರೇಷನ್‌ಗೆ ಬಗ್ಗುವುದಿಲ್ಲ ಎಂದಿದ್ದರು.

"ನಿಮ್ಮಪ್ಪನ ರಂಗೋಲಿ ಒಂದ್ಸಲ ನೋಡ್ಬೇಕು ಕಣೇ, ಕಣ್ ಪೂರ್ತಿ ಹೋಗೋಕ್ ಮುಂಚೆ," ಎಂದರು ಅಮ್ಮ.

ನಾನು ಸ್ವಿಚ್ಚು ಒತ್ತದೆಯೇ ಒಯ್ದೆ. ಆಂಟಿ ಅದನ್ನು ನೋಡಿದ್ದೇ ತವರುಮನೆಯವರು ಬಂದ ಹಾಗೆ ಎದ್ದು ನಿಂತರು. ಅವರದೇ ಕಾರ್ಖಾನೆಯದು! ಮುಚ್ಚಳ ತೆಗೆದರೆ ಚಿಪ್ಪುಗಳ ಮೇಲೆಲ್ಲ ನೀಲಿ ಬಣ್ಣದ ಸಣ್ಣ ಚುಕ್ಕಿ. ಪರೀಕ್ಷೆಯ ಮೇಜಿನ ಹೆಣ್ಣುಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣವಂತೆ. ಚಿಪ್ಪು ಪರೀಕ್ಷಿಸಿ, ಸಾಕೆಟ್ಟಿನಲ್ಲಿ ಕೂರಿಸಿ, ತಮ್ಮ ಬಣ್ಣದ ಚುಕ್ಕಿ ಇಡಬೇಕು. ಮುಂದೆ ದೂರು ಬಂದರೆ ಯಾರ ಕೈಯದೆಂದು ತಿಳಿಯಲಿ ಎಂದು.

"ಇದು ನಂದಲ್ಲ. ನೀಲಿ ನನ್ ಪಕ್ಕದೋಳ್ದು. ನಂದು ಅರಿಶಿನದ ಬಣ್ಣ," ಎಂದು ಹಲಗೆಯ ಕೆಳಗಿನಿಂದ ತಮ್ಮದನ್ನು ತೆಗೆದು ತೋರಿಸಿದರು. ಕಾರ್ಖಾನೆ ಮುಚ್ಚುವ ಮುನ್ನ, ತಾವೇ ಚುಕ್ಕಿ ಇಟ್ಟ ಒಂದನ್ನು ಕೇಳಿ ತಂದುಕೊಂಡಿದ್ದರು. ಅದರೊಳಗೆ ಕೆಪಾಸಿಟರುಗಳ ರಸ ಸೋರಿ, ತಾಮ್ರದ ಗೆರೆಗಳನ್ನು ಗೆದ್ದಲಿನ ಹಾಗೆ ತಿಂದುಹಾಕಿತ್ತು. ಬೇರೆಯವರ ಕೆಲಸ ಮುಗಿದ ಮೇಲೆ, ಕೂದಲಿನಂಥ ತಂತಿ ಹಿಡಿದು ಒಂದೊಂದೇ ಗೆರೆ ಕಟ್ಟುತ್ತಿದ್ದರು. "ಇನ್ನೇನು ಮುಗೀತು ಕಣಮ್ಮ. ಇದೊಂದು, ಸ್ವಿಚ್ಚು ಒತ್ತಿದಾಗ ಒಂದ್ ದಪ ಕುಂಯ್ ಅಂದ್ಬುಟ್ರೆ ನನಗೆ ಸಾಕು."

ನಮ್ಮದರ ಕೀಲಿಮಣೆ ಬಿಚ್ಚಿ ತಲೆಕೆಳಗು ಮಾಡಿದಾಗ ಕೆಂಪಗೆ ಪುಡಿ ಉದುರಿತು. ನನಗೆ ತುಕ್ಕೆಂದೇ ಗಾಬರಿ. ಆಂಟಿ ಮೂಸಿ ನೋಡಿ ಬಿದ್ದು ಬಿದ್ದು ನಕ್ಕರು. "ಕುಂಕ್ಮ! ನಿಮ್ಮಪ್ಪಂಗೆ ಭಕ್ತಿ ಜಾಸ್ತಿ ಇತ್ತೇನೋ. ಆಯುಧಪೂಜೆ ಕಾಯ್ಲೆ ಇದು, ಬೆಂಗ್ಳೂರಾಗೆ ಬಿಟ್ರೆ ಇನ್ನೆಲ್ಲೂ ಇರಾಕಿಲ್ಲ." ಅಪ್ಪ ಪ್ರತಿ ವರ್ಷ ಕೀಲಿಗಳ ಮೇಲೆ ಕುಂಕುಮ ಏರಿಸಿ, ಹೂವಿಟ್ಟು, ತೀರ್ಥವನ್ನೂ ಚಿಮುಕಿಸುತ್ತಿದ್ದುದು ನಿಜ. ಆಂಟಿ ಆ ಪುಡಿಯನ್ನು ಎಸೆಯಲಿಲ್ಲ. ದೇವಸ್ಥಾನದಲ್ಲಿ ಕೊಡುವ ಹಾಗೆ ಕಾಗದದಲ್ಲಿ ಮಡಿಸಿ, "ಅಮ್ಮಂಗೆ ಕೊಡು, ನಿಮ್ಮಪ್ಪ ಇಟ್ಟಿದ್ದು" ಎಂದರು. ಅಮ್ಮ ಆ ಪೊಟ್ಟಣವನ್ನು ದೇವರ ಗೂಡಿನಲ್ಲಿಟ್ಟರು.

ಕೀಲಿಮಣೆ ಸರಿಹೋಯಿತು, ಟಿವಿಯ ಮೇಲೆ ಮಾತ್ರ ಏನೂ ಬರಲಿಲ್ಲ. ಚಿತ್ರ ಮೂಡಿಸುವ ದೊಡ್ಡ ಚಿಪ್ಪಿನ ಮೇಲೆ ಬೆರಳಿಟ್ಟ ಆಂಟಿ ತಕ್ಷಣ ಕೈ ಹಿಂದೆಗೆದುಕೊಂಡರು. ಅಂಥದ್ದು ಈಗ ಎಲ್ಲೂ ಹುಟ್ಟುವುದಿಲ್ಲ ಎಂದು ನನಗೂ ಕೇಳಿ ಗೊತ್ತಿತ್ತು. "ನೋಡಾಣ, ಬಿಟ್ಟೋಗು," ಎಂದರು. ನಾನು ಆಸೆ ಬಿಟ್ಟು ಮನೆಗೆ ಬಂದೆ. ಅಮ್ಮನಿಗೆ ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿದೆ.

ಮುಂದಿನ ಭಾನುವಾರ ಆಂಟಿಯೇ ನಮ್ಮ ಕಂಪ್ಯೂಟರು ಹಿಡಿದು ಬಂದರು. ಹಿಂದೆ ಅವರ ತಮ್ಮ ಡಬ್ಬಾ ಟಿವಿ ಹೊತ್ತುಕೊಂಡು ಏದುಸಿರು ಬಿಡುತ್ತಿದ್ದ.

"ಏನಾಗಿತ್ತು ಆಂಟಿ?"

"ಏನಿಲ್ಲ. ಚಿಪ್ಪು ಸಡ್ಲ ಆಗಿತ್ತು, ಒತ್ತಿ ಕೂರಿಸ್ದೆ. ಇನ್ಮುಂದೆ ಅದನ್ನ ಎಬ್ಬಿಸ್ಬೇಡ. ವಯಸ್ಸಾದ ಚಿಪ್ಪು, ತಂತಿ ಕಾಲು ಮುರ್ದೋಯ್ತದೆ."

ಸ್ವಿಚ್ಚು ಒತ್ತಿದ್ದೇ ಕಂಪ್ಯೂಟರು ಕುಂಯ್ ಎಂದಿತು. ಕ್ಯಾಸೆಟ್ಟು ಕೀರಲು ದನಿಯಲ್ಲಿ ಕಿರುಚತೊಡಗಿತು. ಆಂಟಿ ಕಿವಿಗೊಟ್ಟು ಟೇಪ್‌ರೆಕಾರ್ಡರಿನ ಸಣ್ಣ ತಿರುಪನ್ನು, ತಂಬೂರಿ ಶ್ರುತಿ ಮಾಡುವವರ ಹಾಗೆ, ಅತ್ತಿತ್ತ ತಿರುಗಿಸಿದರು. ಕೊನೆಗೆ ಚುಕ್ಕಿಗಳು ಬಂದವು. ಗೆರೆ ಹೊರಟಿತು. ಅಮ್ಮ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತು, ಗೆರೆ ಹೋದ ಕಡೆ ಬೆರಳಾಡಿಸುತ್ತ, "ಅಲ್ಲೊಂದು ಸುತ್ತು ತಪ್ಪು. ಅವತ್ತೂ ಹೇಳಿದ್ದೆ, ಕೇಳ್ಲಿಲ್ಲ ಆ ಮನುಷ್ಯ" ಎಂದು ಅತ್ತರು.

ಕಾಫಿ ಕೊಡುವಾಗ ಅಮ್ಮ ಕೇಳಿದರು, "ನಿಮ್ಮದೂ ರೆಡಿ ಆಗ್ತಿದೆಯಂತಲ್ರೀ?"

"ನಮ್ದು ಬಿಡ್ರಮ್ಮ. ಇಲ್ಲೇ ನೋಡಿದ್ನಲ್ಲ," ಎಂದರು ಆಂಟಿ. ಉಪಚಾರದ ಮಾತೆಂದುಕೊಂಡೆವು. ಲೋಟ ಕೆಳಗಿಟ್ಟು, ಸ್ವಲ್ಪ ಸಂಕೋಚದಿಂದಲೇ, "ಇನ್ನೊಂದ್ ದಪ ಆಕ್ತೀಯೇನಮ್ಮ?" ಎಂದು ನನ್ನನ್ನು ಕೇಳಿದರು. ನಾನು ಕೀಲಿಗೆ ಕೈ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಕರೆಂಟು ಹೋದರೆ ಆ ಕಂಪ್ಯೂಟರಿಗೆ ಎಲ್ಲ ಮರೆತುಹೋಗುತ್ತದೆ, ಮತ್ತೆ ಮೊದಲಿಂದ ಓದಿಸಬೇಕು. ತುಂಬ ಹೊತ್ತು ಕಾದೆವು. "ಇರ್ಲಿ, ಇನ್ನೊಂದಿನ ಬತ್ತೀನಿ," ಎಂದು ಎದ್ದರು. ಟಿವಿ ಇಲ್ಲೇ ಇರಲಿ ಎಂದರು.

ಆ ಇನ್ನೊಂದು ದಿನ ಬರಲಿಲ್ಲ. ಜ್ವರವೆಂದು ಮಲಗಿದವರು ಏಳಲೇ ಇಲ್ಲ. ತಿಥಿ ಕಳೆದ ಮೇಲೆ, ಕೊಟ್ಟಿಗೆ ಕೆಡವಿ ಹುಡುಗರ ಬೈಕಿಗೆ ಜಾಗ ಮಾಡುವ ಮುನ್ನ, ಅವರ ತಮ್ಮ ಬಂದು ಆಂಟಿಯ ಕಂಪ್ಯೂಟರನ್ನು ನಮ್ಮ ಮನೆಗೆ ತಂದುಕೊಟ್ಟ. "ನಮ್ಗೇನ್ ತಿಳೀತದೆ ಇದು. ನಿಮ್ತಾವ್ ಇರ್ಲಿ."

ಅದನ್ನು ಬಿಚ್ಚಿ ನೋಡಿದೆ. ಕಿತ್ತುಹೋಗಿದ್ದ ಗೆರೆಗಳನ್ನೆಲ್ಲ ಕಟ್ಟಿ ಮುಗಿಸಿದ್ದರು, ಎಷ್ಟು ಅಚ್ಚುಕಟ್ಟಾಗಿ! ಚಿಪ್ಪುಗಳ ಮೇಲೆಲ್ಲ ಅರಿಶಿನದ ಬಣ್ಣದ ಚುಕ್ಕಿ. ನಡುವೆ ದೊಡ್ಡ ಸಾಕೆಟ್ಟೊಂದು ಮಾತ್ರ ಖಾಲಿ. ಕೂಡಲೇ ನಮ್ಮದರ ಮುಚ್ಚಳ ತೆಗೆದೆ. ಸಾಲಾಗಿ ನೀಲಿ ಚುಕ್ಕಿಗಳು, ನಡುವೆ ದೊಡ್ಡ ಚಿಪ್ಪಿನ ಮೇಲೆ ಒಂದೇ ಒಂದು ಹಳದಿ.

ಅಮ್ಮನಿಗೆ ಹೇಳಿದೆ. ಅವರು ಖಾಲಿ ಸಾಕೆಟ್ಟಿನ ಮೇಲೆ ಬೆರಳಾಡಿಸಿ, "ವಾಪಸ್ ಅದಕ್ಕೇ ಹಾಕ್ಬಿಡು. ನನ್ನದು ನೋಡಿ ಆಯ್ತಲ್ಲ" ಎಂದರು.

"ಎಬ್ಬಿಸ್ಬೇಡ ಅಂದಿದ್ರಮ್ಮ. ಕಾಲು ಮುರಿದ್ರೆ ಎರಡೂ ಹೋಗತ್ತೆ."

ಕೊಟ್ಟದ್ದನ್ನು ಹಿಂದಿರುಗಿಸುವ ದಾರಿಯನ್ನೂ ಅವರೇ ಮುಚ್ಚಿ ಹೋಗಿದ್ದರು. ನನಗೆ ಸಿಟ್ಟೇ ಬಂತು. ಹೇಳಿದ್ದರೆ ನಾವು ಬೇಡವೆನ್ನುತ್ತಿದ್ದೆವು, ಅದಕ್ಕೇ ಹೇಳಲಿಲ್ಲ. ತಾವು ಅಷ್ಟು ವರ್ಷ ಕಾದ ಒಂದು ಕುಂಯ್ ಸದ್ದನ್ನು ನಮ್ಮ ಮನೆಯ ಹಾಲಿನಲ್ಲಿ, ಬೇರೆಯವಳ ನೀಲಿ ಚುಕ್ಕಿಗಳ ನಡುವಿನಿಂದ ಕೇಳಿ, ಕಾಫಿ ಕುಡಿದು ಹೋದರು.

"ಹಾಗಾದ್ರೆ ರಂಗೋಲಿ ಹಾಕು," ಎಂದರು ಅಮ್ಮ. ಅವರ ಕಣ್ಣಿಗೆ ಆಗ ಬೆಳಕು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಕ್ಯಾಸೆಟ್ಟು ಓದಿಸಿದೆ. ಚುಕ್ಕಿ ಬಂದವು, ಗೆರೆ ಸುತ್ತಿ ಮುಗಿಯಿತು.

"ಮುಗೀತಮ್ಮ."

"ಇನ್ನೊಂದ್ಸಲ ಹಾಕು ಅಂದಿದ್ರಲ್ಲ ಅವರು," ಎಂದರು ಅಮ್ಮ. "ಹಾಕು."

ಕರೆಂಟು ಇತ್ತು. ಹಾಕಿದೆ.