ಸ್ಪಂಜಿನಲ್ಲಿ ಸಿಕ್ಕ ಹಿಟ್ಟು

ಬೀದಿಯವರಿಗೆಲ್ಲ ಅವನು ಸ್ಪಂಜಣ್ಣ. ಮೂವತ್ತು ವರ್ಷ ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಕೆಗಳನ್ನು ತೊಳೆದವನು. ಅಲ್ಲಿ ಪಾಠ ಮಾಡುತ್ತಿದ್ದವಳು ನಾನು, ಆದ್ದರಿಂದ ಹೇಳಬಲ್ಲೆ: ಅವನು ಒಡೆದದ್ದು ಕಡಿಮೆ, ಮಾತಾಡಿದ್ದು ಇನ್ನೂ ಕಡಿಮೆ. ನಿವೃತ್ತನಾದ ಮೇಲೆ ಮನೆಮನೆಯ ಮೀನಿನ ತೊಟ್ಟಿಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದ. ಫಿಲ್ಟರ್ ಕಟ್ಟಿಕೊಂಡಿತೆಂದು ಯಾರಾದರೂ ಕರೆದರೆ ಒಂದು ಬಕೆಟ್ಟು, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಹೋಗುತ್ತಾನೆ.

ಮದುವೆಯಾಗಲಿಲ್ಲ. ನನ್ನ ಮನೆಯ ಕೆಳಗಿನ ಮಹಡಿಯಲ್ಲಿ ಅಕ್ಕ-ಬಾವನ ಜೊತೆ ಇದ್ದಾನೆ. ಅಕ್ಕ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಆ ಮನೆಯಲ್ಲಿ ಅವಳು ಕುದಿಸದೆ ಬಿಟ್ಟ ವಸ್ತುವೆಂದರೆ ಗೋಡೆ ಗಡಿಯಾರ ಒಂದೇ ಎನ್ನುವುದು ತಮ್ಮನ ಹಾಸ್ಯ. ಬಾವ ಬಸ್ ಕಂಡಕ್ಟರ್ ಆಗಿದ್ದವರು. ಕಳೆದ ವರ್ಷ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ; ಹಾಸಿಗೆಯಿಂದ ಏಳಲು ಹೆಂಡತಿಯ ಹೆಗಲೇ ಬೇಕು. ಅವರಿಗೆ ಹೊತ್ತು ಹೋಗಲೆಂದು ಸ್ಪಂಜಣ್ಣ ಮಂಚದ ಪಕ್ಕಕ್ಕೇ, ಕೈಗೆಟಕುವಷ್ಟು ಹತ್ತಿರ, ಒಂದು ತೊಟ್ಟಿ ಇಟ್ಟುಕೊಟ್ಟಿದ್ದ. ಅದರಲ್ಲಿ ಆರು ಮೀನು.

ಮೂರು ತಿಂಗಳಿಂದ ಬಾವ ಇಳಿಯುತ್ತಿದ್ದರು. ತಟ್ಟೆ ಬಟ್ಟಲು ಖಾಲಿಯಾಗಿಯೇ ಬರುತ್ತಿದ್ದವು, ತೂಕ ಮಾತ್ರ ಐವತ್ತೆರಡರಿಂದ ನಲವತ್ತಾರಕ್ಕೆ ಬಂದಿತ್ತು. ಇನ್ನೆರಡು ವಾರದಲ್ಲಿ ಏರದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಕೆ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದರು ಡಾಕ್ಟರು. ಬೇರೆಯವರಿಗೆ ಆ ನಳಿಕೆ ಹಾಕಿ ಹಾಕಿ ಅಕ್ಕನಿಗೆ ಅದು ಏನೆಂದು ಗೊತ್ತಿತ್ತು. ಆ ದಿನ ಅವಳು ಆಗಲೇ ಕುದಿಸಿದ್ದ ಪಾತ್ರೆಯನ್ನು ಇನ್ನೊಮ್ಮೆ ಕುದಿಸಿದಳು.

ಆ ತಿಂಗಳುಗಳಲ್ಲೇ ತೊಟ್ಟಿಯ ಫಿಲ್ಟರೂ ಕೆಡುತ್ತ ಬಂದಿತ್ತು. ಹದಿನೈದು ದಿನಕ್ಕೊಮ್ಮೆ ತೊಳೆದರೆ ಸಾಕಾಗುತ್ತಿದ್ದದ್ದು ಈಗ ಮೂರೇ ದಿನಕ್ಕೆ ಕಟ್ಟಿಕೊಳ್ಳತೊಡಗಿತು. ನೀರು ಅಕ್ಕಿ ತೊಳೆದ ನೀರಿನಂತಾಯಿತು. ಸ್ಪಂಜಣ್ಣ ಮೋಟರು ಬಿಚ್ಚಿದ, ಒಳಗಿನ ಪುಟ್ಟ ಚಕ್ರ ತಿರುಗಿಸಿ ನೋಡಿದ, ಪೈಪಿನೊಳಗೆ ಬ್ರಷ್ ಆಡಿಸಿದ. ಎಲ್ಲ ಸರಿಯಾಗಿತ್ತು. ಕೊನೆಗೆ ಒಳಗಿನ, ನೀರು ಸೋಸುವ ಸ್ಪಂಜು ಮೂಸಿದ.

"ಅಕ್ಕಾ, ಇದನ್ನೂ ಕುದಿಸಿದೆಯಾ?"

"ಮತ್ತೆ? ಆ ಕಂದು ಲೋಳೆ ಇಟ್ಕೊಂಡು ಪೂಜೆ ಮಾಡ್ಲಾ?"

"ಅದು ಕೊಳೆ ಅಲ್ಲ ಕಣೇ, ಹೆಪ್ಪು. ನೀರು ಹಸನಾಗಿರೋದೇ ಅದರಿಂದ. ಹೆಪ್ಪನ್ನೇ ಕುದಿಸಿದ್ರೆ ಮೊಸರು ಎಲ್ಲಿಂದ ಬರುತ್ತೆ?"

"ಸರಿಯಪ್ಪ. ನಾನು ಮುಟ್ಟಿದ್ದೆಲ್ಲ ಹಾಳು. ಇವರು ಸೊರಗ್ತಿರೋದೂ ನನ್ನ ಕೈಯಡುಗೆಯಿಂದಲೇ ಇರಬೇಕು."

ಅವನು ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಹಿಂಡಿ ಹಾಕಿದ. ಅಕ್ಕ ಅದರ ಹತ್ತಿರ ಸುಳಿಯಲಿಲ್ಲ. ಆದರೂ ನಾಲ್ಕನೆಯ ದಿನಕ್ಕೆ ಫಿಲ್ಟರ್ ಮತ್ತೆ ಕಟ್ಟಿತು.

ಅಂದು ಅಕ್ಕ ಔಷಧಿ ತರಲು ಹೋಗಿದ್ದಳು. ಸ್ಪಂಜಣ್ಣ ಮೀನುಗಳಿಗೆ ಒಣಗಿದ ಹುಳು ಉದುರಿಸಿದ. ಒಂದೂ ಮೇಲೆ ಬರಲಿಲ್ಲ. ಹೊಟ್ಟೆ ತುಂಬಿದ ಮೀನು ಮಾತ್ರ ಹಾಗೆ ಮಾಡುತ್ತದೆ. ಸ್ಪಂಜಿನ ಲೋಳೆ ಬೆರಳಿಗೆ ಗೋಂದಿನಂತೆ ಅಂಟಿತು. ಅದನ್ನು ಒಂದು ಬಿಳಿ ತಟ್ಟೆಗೆ ಸವರಿ, ಅಕ್ಕನ ಔಷಧದ ಡಬ್ಬಿಯಿಂದ ಗಾಯಕ್ಕೆ ಹಚ್ಚುವ ಅಯೋಡಿನ್ ತೆಗೆದು ಎರಡು ಹನಿ ಹಾಕಿದ. ಲೋಳೆ ಕಡುನೀಲಿಯಾಯಿತು. ಹಿಟ್ಟಿದ್ದರೆ ಅಯೋಡಿನ್ ನೀಲಿಯಾಗುತ್ತದೆ; ಪ್ರತಿವರ್ಷ ಪ್ರಯೋಗದಲ್ಲಿ ನನ್ನ ತರಗತಿಯ ಹುಡುಗಿಯರು ಮಾಡಿ ಬಿಟ್ಟುಹೋಗುತ್ತಿದ್ದ ಆ ನೀಲಿಯನ್ನು ತೊಳೆದವನು ಅವನೇ.

ತಟ್ಟೆಯನ್ನು ಬಾವನ ಮುಂದೆ ಹಿಡಿದ.

"ಬಾವ, ಹುಳುವಿನಲ್ಲಿ ಹಿಟ್ಟು ಇರೋದಿಲ್ಲ. ಇದು ಎಲ್ಲಿಂದ ಬಂತು?"

ಬಾವ ಕಿಟಕಿಯ ಕಡೆ ನೋಡಿದರು.

"ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರ ಥರ ಮುಖ ಮಾಡಬೇಡಿ. ಬ್ರೆಡ್ಡಾ, ಗಂಜಿನಾ?"

"ಎರಡೂ," ಎಂದರು ಬಾವ. "ತಿಂದ್ರೆ ಹೊರಗೆ ಹೋಗ್ಬೇಕಲ್ಲ. ದಿನಕ್ಕೆ ಏಳು ಸಲ ಎತ್ತುತ್ತಾಳೆ. ಎತ್ತುವಾಗ ಅವಳ ಮಂಡಿ ಲಟಕ್ ಅನ್ನುತ್ತೆ. ನನಗೆ ಕೇಳಿಸುತ್ತೆ ಕಣೋ. ತಿನ್ನದಿದ್ರೆ ಎರಡೇ ಸಲ ಸಾಕು. ಅವಳಿಗೆ ಹೇಳಬೇಡ."

"ಹೇಳ್ತೀನಿ. ಆದ್ರೆ ನಾಳೆ. ಇವತ್ತು ಪೈಪು ತರಬೇಕು."

ಮೊದಲು ತಂದದ್ದು ತೊಟ್ಟಿಗೆ ಬಳಸುವ ಪ್ಲಾಸ್ಟಿಕ್ ಪೈಪು. ತಾನೇ ಜೋತುಬಿದ್ದು ನೋಡಿದ, ಬಾಗಿತು. ವಾಪಸು ಕೊಟ್ಟು ಕಬ್ಬಿಣದ್ದು ತಂದ. ಮಂಚದಿಂದ ಬಚ್ಚಲುಮನೆಯವರೆಗೆ ಗೋಡೆಗೆ ಸೊಂಟದೆತ್ತರದಲ್ಲಿ, ಬಸ್ಸಿನ ಕಂಬಿಯ ಹಾಗೆ, ಹತ್ತೂವರೆ ಅಡಿ ಜಡಿದ. ಕೊರೆಯುವ ಸದ್ದಿಗೆ ನಾನು ಕೆಳಗಿಳಿದು ಬೈದೆ. ಅವನು ಕೆಲಸ ನಿಲ್ಲಿಸಲಿಲ್ಲ.

ಮಾರನೆಯ ದಿನ ಅವನು ಅಕ್ಕನಿಗೆ ಎಲ್ಲ ಹೇಳಿದ. ನೀಲಿ ತಟ್ಟೆಯನ್ನೂ ತೋರಿಸಿದ. "ಫಿಲ್ಟರ್ ಕೆಟ್ಟಿದ್ದನ್ನ ನಿನ್ನ ಮೇಲೆ ಹಾಕಿದ್ದು ನನ್ನ ತಪ್ಪು. ಅಡುಗೆ ಚೆನ್ನಾಗಿಯೇ ಇದೆ, ಮೀನುಗಳನ್ನ ಕೇಳು," ಎಂದ.

ಅವಳು ನಗಲಿಲ್ಲ. ಗಂಡನ ಮುಂದೆ ಹೋಗಿ ನಿಂತಳು.

"ಮೂವತ್ತೆರಡು ವರ್ಷ ಊರವರ ಬೆಡ್‌ಪಾನ್ ಎತ್ತಿದೀನಿ ರೀ. ನಿಮ್ಮದೊಂದೇ ಭಾರವಾಯ್ತಾ?"

"ನಿನಗೆ ಆಗ ಮಂಡಿನೋವು ಇರಲಿಲ್ಲ," ಎಂದರು ಅವರು.

ಅವಳು ಗಂಜಿಯ ಬಟ್ಟಲು ತಂದು ಎದುರಿಗೇ ಕುರ್ಚಿ ಹಾಕಿ ಕುಳಿತಳು. ಅವರು ಪೂರ್ತಿ ಕುಡಿದರು. ಒಂದು ಗಂಟೆಯಾದ ಮೇಲೆ ಕಂಬಿ ಹಿಡಿದು ತಾವೇ ಎದ್ದರು. ಅಕ್ಕ ಕೈ ಚಾಚಿದಳು. ತಮ್ಮ ಅವಳ ಸೆರಗು ಹಿಡಿದು ನಿಲ್ಲಿಸಿದ.

"ಮುಂದೆ ನಡೀರಿ ಬಾವ, ಮುಂದೆ ಜಾಗ ಇದೆ."

ನಲವತ್ತು ವರ್ಷ ತಾವು ಹೇಳಿದ್ದ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿ ಬಾವನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬಚ್ಚಲುಮನೆ ತಲುಪಿದರು. ಹೋಗಿಬರಲು ಹನ್ನೊಂದು ನಿಮಿಷ ಹಿಡಿಯಿತು.

ಗಡುವಿನ ದಿನ ಡಾಕ್ಟರರ ತಕ್ಕಡಿ ನಲವತ್ತೇಳು ತೋರಿಸಿತು. ದೊಡ್ಡ ಏರಿಕೆಯೇನಲ್ಲ. ನಳಿಕೆಯ ಮಾತು ಸದ್ಯಕ್ಕೆ ಬೇಡ, ತಿಂಗಳು ಬಿಟ್ಟು ಬನ್ನಿ ಎಂದರು ಡಾಕ್ಟರು.

ಕಂಬಿ ಹಾಕಿದ ಹದಿನಾರನೆಯ ದಿನ ಸ್ಪಂಜಣ್ಣ ಫಿಲ್ಟರ್ ಬಿಚ್ಚಿದ. ಕಂದು ಲೋಳೆ ತೆಳ್ಳಗೆ ಹಿಡಿದಿತ್ತು. ಎರಡು ಹನಿ ಅಯೋಡಿನ್ ಹಾಕಿದ, ನೀಲಿಯಾಗಲಿಲ್ಲ. ಅಕ್ಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದಳು.

"ಗಲೀಜು ಗಲೀಜೇ ಕಣೋ," ಎಂದಳು. "ಇರಲಿ, ಹಾಗೇ ಹಾಕು."